ಹಾಲಿನಲ್ಲಿ ಆಂಟಿಬಯೋಟಿಕ್ ಶೇಷ: ಪಟ್ಟಿಯೋ, ನಳಿಕೆಯೋ?

ಕೆಚ್ಚಲು ಬಾವಿಗೆ ಔಷಧ ಕೊಟ್ಟ ಹಸುವಿನ ಹಾಲನ್ನು ಮತ್ತೆ ಟ್ಯಾಂಕಿಗೆ ಸೇರಿಸುವ ಮೊದಲು ಕೊಟ್ಟಿಗೆಯಲ್ಲಿಯೇ ಪರೀಕ್ಷಿಸಲು ನಾನು ಎರಡು ಬಗೆಯ ಕಿಟ್‌ಗಳನ್ನು ಬಳಸಿದ್ದೇನೆ. ಒಂದು ಡೆಲ್ವೋಟೆಸ್ಟ್ ಮಾದರಿಯ ನಳಿಕೆ, ಇನ್ನೊಂದು ಹಾಲಿನಲ್ಲಿ ಅದ್ದುವ ಪಟ್ಟಿ.

ವೇಗದಲ್ಲಿ ಪಟ್ಟಿಗೆ ಸಾಟಿಯಿಲ್ಲ. ಹತ್ತು ನಿಮಿಷದ ಆಸುಪಾಸಿನಲ್ಲಿ ಗೆರೆ ಮೂಡುವುದರಿಂದ ಹಾಲಿನ ಗಾಡಿ ಬರುವ ಮುನ್ನವೇ ತೀರ್ಮಾನಿಸಬಹುದು. ಆದರೆ ಅದು ತನ್ನ ಗುರಿಯಲ್ಲಿರುವ ಔಷಧ ವರ್ಗವನ್ನಷ್ಟೇ ಗುರುತಿಸುತ್ತದೆ. ಪೆನಿಸಿಲಿನ್ ಮತ್ತು ಸೆಫಲೋಸ್ಪೋರಿನ್ ಸೇರಿದ ಬೀಟಾ-ಲ್ಯಾಕ್ಟಮ್ ವರ್ಗಕ್ಕೆಂದೇ ತಯಾರಾದ ಪಟ್ಟಿ, ಟೆಟ್ರಾಸೈಕ್ಲಿನ್ ಕೊಟ್ಟ ಹಸುವಿನ ಹಾಲನ್ನೂ ಶುದ್ಧವೆಂದೇ ತೋರಿಸುತ್ತದೆ. ಚಿಕಿತ್ಸೆಯ ದಾಖಲೆ ಸರಿಯಾಗಿಲ್ಲದ ಕೊಟ್ಟಿಗೆಯಲ್ಲಿ ಈ ಮಿತಿ ಬಹಳ ಅಪಾಯಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ನಳಿಕೆಯ ಕೆಲಸ ನಿಧಾನ, ಆದರೆ ವ್ಯಾಪ್ತಿ ದೊಡ್ಡದು. ಅದರೊಳಗಿನ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಬ್ಯಾಕ್ಟೀರಿಯಾ 64 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡೂವರೆಯಿಂದ ಮೂರು ಗಂಟೆಗಳ ಕಾಲ ಬೆಳೆದು ಆಮ್ಲವನ್ನು ಉತ್ಪಾದಿಸಿದರೆ ನೇರಳೆ ಬಣ್ಣ ಹಳದಿಯಾಗುತ್ತದೆ. ಹಾಲಿನಲ್ಲಿ ಔಷಧವಿದ್ದು ಬೆಳವಣಿಗೆ ನಿಂತರೆ ನೇರಳೆಯೇ ಉಳಿಯುತ್ತದೆ. ಯುರೋಪಿಯನ್ ಒಕ್ಕೂಟವು ಬೆಂಜೈಲ್‌ಪೆನಿಸಿಲಿನ್‌ಗೆ ನಿಗದಿಪಡಿಸಿರುವ ಮಿತಿ ಕಿಲೋಗ್ರಾಂ ಹಾಲಿಗೆ 4 ಮೈಕ್ರೋಗ್ರಾಂ. ಅಷ್ಟು ಸೂಕ್ಷ್ಮ ಪ್ರಮಾಣದ ಪೆನಿಸಿಲಿನ್ ಕೂಡ ಈ ನಳಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ. ಎಲ್ಲ ಔಷಧಗಳಿಗೂ ಇದೇ ಸೂಕ್ಷ್ಮತೆ ಇರುವುದಿಲ್ಲ. ಅರ್ಧ ನೇರಳೆ, ಅರ್ಧ ಹಳದಿಯಾದ ನಳಿಕೆಯನ್ನು ಓದುವುದು ಕಷ್ಟ. ಅಂಥ ಹಾಲನ್ನು ನಾನು ಟ್ಯಾಂಕಿಗೆ ಸೇರಿಸುವುದಿಲ್ಲ.

ಒಂದೇ ಹಸುವಿನ ಹಾಲನ್ನು ಪರೀಕ್ಷಿಸುವಾಗ ನಳಿಕೆಯ ದೊಡ್ಡ ದೌರ್ಬಲ್ಯ ಎದುರಾಗುತ್ತದೆ. ಗಿಣ್ಣು ಹಾಲಿನಲ್ಲಿಯೂ ಬಾವಿರುವ ಕೆಚ್ಚಲಿನ ಹಾಲಿನಲ್ಲಿಯೂ ಲ್ಯಾಕ್ಟೋಫೆರಿನ್, ಲೈಸೋಜೈಮ್‌ನಂತಹ ಸಹಜ ನಿರೋಧಕಗಳು ಹೆಚ್ಚಾಗಿರುವುದರಿಂದ, ಔಷಧವನ್ನೇ ಕಾಣದ ಹಸುವಿನ ಹಾಲೂ ನೇರಳೆಯಾಗಿಯೇ ಉಳಿಯಬಹುದು. ಮಾದರಿಯನ್ನು ಸುಮಾರು 80 ಡಿಗ್ರಿಯಲ್ಲಿ ಕೆಲವು ನಿಮಿಷ ಬಿಸಿ ಮಾಡಿ, ತಣಿಸಿ, ಮತ್ತೆ ಪರೀಕ್ಷಿಸಿದರೆ ಈ ತಪ್ಪು ಸೂಚನೆ ಬಹುಪಾಲು ಕಡಿಮೆಯಾಗುತ್ತದೆ. ಪೆನಿಸಿಲಿನ್ ಆ ಶಾಖಕ್ಕೆ ಬಹುತೇಕ ಉಳಿದುಕೊಳ್ಳುತ್ತದೆ. ಆದ್ದರಿಂದಲೇ ಹಾಲನ್ನು ಕುದಿಸಿದರೆ ಔಷಧ ಹೋಗುತ್ತದೆ ಎಂದು ನಂಬುವುದು ಸರಿಯಲ್ಲ.

ಕೊಟ್ಟ ಔಷಧದ ಹೆಸರು ತಿಳಿದಿದ್ದು, ಆ ವರ್ಗಕ್ಕೆ ಹೊಂದುವ ಪಟ್ಟಿ ಕೈಯಲ್ಲಿದ್ದರೆ ಒಂಟಿ ಹಸುವಿಗೆ ನಾನು ಪಟ್ಟಿಯನ್ನೇ ಆರಿಸಿಕೊಳ್ಳುತ್ತೇನೆ. ಇಡೀ ಟ್ಯಾಂಕಿನ ಹಾಲಿಗೆ ನಳಿಕೆಯೇ ಮೇಲು. ಔಷಧದ ಲೇಬಲ್ಲಿನಲ್ಲಿ ಬರೆದ ಕಾಯುವ ಅವಧಿ ಮುಗಿಯುವ ಮುನ್ನ ಎರಡರಲ್ಲಿ ಯಾವುದು ಶುದ್ಧವೆಂದರೂ ಹಾಲನ್ನು ಮಾರಕೂಡದು. ಹಾಲು ಬತ್ತಿಸುವಾಗ, ಅಂದರೆ ಕರು ಹಾಕುವ ಮುನ್ನ ಹಾಲು ಕರೆಯುವುದನ್ನು ನಿಲ್ಲಿಸುವಾಗ, ಕೆಚ್ಚಲಿಗೆ ಏರಿಸುವ ದೀರ್ಘಕಾಲದ ಔಷಧ ಪಡೆದ ಹಸು ಅವಧಿಗೆ ಮುನ್ನವೇ ಕರು ಹಾಕಿದರೆ ಆ ಲೆಕ್ಕ ತಪ್ಪುತ್ತದೆ. ಆಗ ಪಶುವೈದ್ಯರನ್ನು ಕೇಳಿ ಕಾಯುವ ದಿನಗಳನ್ನು ಹೆಚ್ಚಿಸುತ್ತೇನೆ, ಗಿಣ್ಣು ಮುಗಿದ ನಂತರ ಪಟ್ಟಿ ಮತ್ತು ನಳಿಕೆ ಎರಡರಲ್ಲಿಯೂ ಪರೀಕ್ಷಿಸುತ್ತೇನೆ.