ಸೀಗಡಿ ಕ್ಯಾಸರೋಲ್‌ಗೆ ಯಾವುದು ಸರಿ: ಹಳದಿ ಸ್ಕ್ವಾಷ್, ಜುಕಿನಿ, ಸೀಮೆಬದನೆ?

ತರಕಾರಿ, ಸೀಗಡಿ ಕಲಸಿ ಅಗಲ ಪಾತ್ರೆಯಲ್ಲಿ ಒವನ್‌ಗೆ ಇಟ್ಟು ಬೇಯಿಸುವ ಅಡುಗೆಯೇ ಕ್ಯಾಸರೋಲ್. ಹಳದಿ ಸ್ಕ್ವಾಷ್, ಜುಕಿನಿ ಎರಡೂ ಕುಂಬಳದ ಜಾತಿಯ ಎಳೆ ಕಾಯಿಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸೀಮೆಬದನೆಗೆ. ಮೂರನ್ನೂ ನಮ್ಮ ಮನೆಯ ಒವನ್‌ನಲ್ಲೇ ಮಾಡಿ, ತಿಂದು, ಉಳಿದದ್ದನ್ನು ಮರುದಿನ ಬಿಸಿ ಮಾಡಿ ತಿಂದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಾವಿರುವುದು ಅಮೆರಿಕದ ಲೂಯಿಸಿಯಾನಾ ರಾಜ್ಯದಲ್ಲಿ, ನ್ಯೂ ಆರ್ಲಿಯನ್ಸ್ ಪಕ್ಕದ ಮೆಟೈರಿಯಲ್ಲಿ. ನಮ್ಮ ಸೀಮೆಬದನೆಯನ್ನೇ ಇಲ್ಲಿಯವರು ಮಿರ್ಲಿಟನ್ ಅಂತಾರೆ. ಹಿತ್ತಿಲ ಬೇಲಿಗೆ ಬಳ್ಳಿ ಹಬ್ಬಿಸಿ, ಅಕ್ಟೋಬರ್–ನವೆಂಬರ್‌ನಲ್ಲಿ ಕಾಯಿ ಕಿತ್ತು, ಸೀಗಡಿ ಸೇರಿಸಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಮಾಡುವುದು ಈ ಊರಿನ ಹಳೆಯ ರೂಢಿ. ಜಾರ್ಜಿಯಾ, ಅಲಬಾಮಾ, ಕ್ಯಾರೊಲಿನಾ ಕಡೆ ಹೋದರೆ ಆ ಜಾಗ ಹಳದಿ ಸ್ಕ್ವಾಷಿನದು. ಈರುಳ್ಳಿ, ಚೆಡ್ಡರ್ ಚೀಸ್, ಮೊಟ್ಟೆ, ಮೇಯನೇಸ್ ಹಾಕಿ ಕಲಸುತ್ತಾರೆ. ಮೇಲೆ ಬೆಣ್ಣೆಯಲ್ಲಿ ಕಲಸಿದ ರಿಟ್ಜ್ ಬಿಸ್ಕತ್ತಿನ ಪುಡಿ ಉದುರಿಸಿ ಒವನ್‌ಗೆ ಇಡುತ್ತಾರೆ. ಚರ್ಚಿನ ಊಟಕ್ಕೆ, ಹಬ್ಬಕ್ಕೆ, ಸಾವಾದ ಮನೆಗೆ ಕೂಡ ಇದೇ ಹೋಗುತ್ತದೆ. ಇದಕ್ಕೆ ಸೀಗಡಿಯನ್ನೋ ಏಡಿಯನ್ನೋ ಸೇರಿಸಿ ಮಾಡುವವರೂ ಇದ್ದಾರೆ.

ಡಾಲಸ್‌ನಿಂದ ಅಣ್ಣ, ಅತ್ತಿಗೆ ಬರುವವರಿದ್ದರು. ಅಂಗಡಿಯಲ್ಲಿ ಹಳದಿ ಸ್ಕ್ವಾಷ್ ಅಗ್ಗವಾಗಿತ್ತು, ಪಕ್ಕದಲ್ಲೇ ಸಿಪ್ಪೆ ತೆಗೆದು ಸ್ವಚ್ಛ ಮಾಡಿದ ಫ್ರೋಜನ್ ಸೀಗಡಿಯ ಚೀಲವೂ ಇತ್ತು. ಎರಡನ್ನೂ ತಂದೆ. ಒವನ್‌ನಿಂದ ತೆಗೆದಾಗ ನೋಡಲು ಬಲು ಚೆಂದ. ಮೇಲಿನ ಪದರ ಹೊಂಬಣ್ಣ, ಅಂಚಿನಲ್ಲಿ ಚೀಸ್ ಕುದಿಯುತ್ತಿತ್ತು. ಅತ್ತಿಗೆ ಸೌಟಿನಲ್ಲಿ ಒಂದು ಮೂಲೆ ತೆಗೆದರು ನೋಡಿ, ಆ ಖಾಲಿ ಜಾಗಕ್ಕೆ ತಿಳಿನೀರು ಹರಿದು ಬಂತು. ಅದರ ಮೇಲೆ ಬೆಣ್ಣೆಯ ಸಣ್ಣ ಸಣ್ಣ ಚುಕ್ಕೆ ತೇಲುತ್ತಿದ್ದವು. ತಟ್ಟೆಗೆ ಬಡಿಸುವಷ್ಟರಲ್ಲಿ ಬಿಸ್ಕತ್ತಿನ ಪದರ ಕೆಳಗಿನಿಂದ ನೆನೆದು ಮೆತ್ತಗಾಯಿತು.

ಈ ನೀರಿನ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಈ ಅಡುಗೆ ಕೆಡುವುದು ಹೆಚ್ಚಾಗಿ ಇಲ್ಲೇ.

ಹಳದಿ ಸ್ಕ್ವಾಷಿನಲ್ಲಿ ನೂರಕ್ಕೆ ಸುಮಾರು 95 ಭಾಗ ನೀರೇ. ಬಿಸಿ ತಾಗಿದ ಕೂಡಲೇ ತಿರುಳು ಕುಸಿದು ನೀರು ಬಿಡುತ್ತದೆ. ತುರಿದು ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಹಿಂಡುವುದು ಒಂದು ದಾರಿ. ಬಟ್ಟಲು ತುಂಬ ನೀರು ಬರುತ್ತದೆ, ನಿಜ. ಆದರೆ ಸ್ವಲ್ಪ ಉಪ್ಪು ತಿರುಳಲ್ಲೇ ಉಳಿಯುತ್ತದೆ. ಅದರ ಮೇಲೆ ಚೀಸ್, ಬಿಸ್ಕತ್ತು, ಮಸಾಲೆ ಪುಡಿ, ಎಲ್ಲದರಲ್ಲೂ ಉಪ್ಪೇ. ಇನ್ನೊಂದು ದಾರಿ, ಅಗಲ ಬಾಣಲೆಯಲ್ಲಿ ಮುಚ್ಚಳ ಹಾಕದೆ ನೀರು ಪೂರ್ತಿ ಆರುವವರೆಗೆ ಬಾಡಿಸುವುದು. ಇದು ಹಿಂಡುವುದಕ್ಕಿಂತ ಒಳ್ಳೆಯದು, ರುಚಿಯೂ ಗಟ್ಟಿಯಾಗುತ್ತದೆ. ಆದರೆ ಒಲೆಯ ಮುಂದೆಯೇ ನಿಂತಿರಬೇಕು, ಎರಡು ಕಿಲೋ ಕಾಯಿ ಇಷ್ಟೇ ಇಷ್ಟು ಆಗುತ್ತದೆ. ಹೋಳುಗಳನ್ನು ಟ್ರೇಯಲ್ಲಿ ಹರಡಿ ಒವನ್‌ನಲ್ಲೇ ಮೊದಲು ಹುರಿದುಕೊಳ್ಳುವುದು ಮೂರನೆಯದು. ಹಳದಿ ಸ್ಕ್ವಾಷೇ ಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಆದರೆ ಅವತ್ತು ನಾನು ಸ್ಕ್ವಾಷನ್ನು ಬಾಡಿಸಿಯೇ ಹಾಕಿದ್ದೆ. ಹಾಗಿದ್ದರೆ ನೀರು ಬಂದದ್ದೆಲ್ಲಿಂದ?

ಸೀಗಡಿಯಿಂದ. ಚೀಲದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ಸೀಗಡಿ, ಉಪ್ಪು, ಸೋಡಿಯಂ ಟ್ರೈಪಾಲಿಫಾಸ್ಫೇಟ್. ಈ ಕೊನೆಯದು ಸೀಗಡಿಯ ಮಾಂಸ ನೀರು ಹಿಡಿದಿಟ್ಟುಕೊಳ್ಳುವಂತೆ ಮಾಡುವ ಉಪ್ಪು. ಅದರ ದ್ರಾವಣದಲ್ಲಿ ನೆನೆಸಿದರೆ ಸೀಗಡಿ ಉಬ್ಬುತ್ತದೆ, ತೂಕವೂ ಏರುತ್ತದೆ. ಕಾನೂನಿಗೆ ವಿರುದ್ಧವೇನಲ್ಲ, ಬರೆದೇ ಮಾರುತ್ತಾರೆ. ಆದರೆ ಬಿಸಿಗೆ ಆ ನೀರು ಹೊರಗೆ ಬರುತ್ತದೆ, ಬಾಣಲೆಗೆ ಹಾಕಿದರೆ ಬಿಳಿ ನೊರೆ ಕಾಣುತ್ತದೆ. ತಿನ್ನುವಾಗ ಹಲ್ಲಿಗೆ ರಬ್ಬರಿನಂತೆ ಪುಟಿಯುತ್ತದೆ. ಸೀಗಡಿಯ ಸಿಹಿ ಎಲ್ಲೂ ಇಲ್ಲ. ದುಡ್ಡು ಕೊಟ್ಟದ್ದು ಅರ್ಧ ನೀರಿಗೆ ಅಂತ ನನಗೆ ಬಹಳ ಬೇಜಾರಾಯಿತು. ಕುಂದಾಪುರದ ಮನೆಯಲ್ಲಿ ಬೆಳೆದವಳಿಗೆ ಸೀಗಡಿ ಹೀಗಿರುವುದನ್ನು ಒಪ್ಪಲು ಆಗುವುದಿಲ್ಲ.

ಹಾಗಾಗಿ ತರಕಾರಿ ಯಾವುದೇ ಇರಲಿ, ಚೀಲದ ಹಿಂಬದಿ ಓದಿ. ಬರೀ ಸೀಗಡಿ ಅಂತ ಇರಬೇಕು, ಹೆಚ್ಚೆಂದರೆ ಜೊತೆಗೆ ಉಪ್ಪು. ಮೊದಲೇ ಬೇಯಿಸಿದ ಗುಲಾಬಿ ಬಣ್ಣದ ಸೀಗಡಿ ಕೊಳ್ಳಲೇಬೇಡಿ, ಒವನ್‌ನಲ್ಲಿ ಎರಡನೇ ಸಲ ಬೆಂದು ಗಟ್ಟಿಯಾಗುತ್ತದೆ.

ಈಗ ನಾನು ತರುವುದು ವೆಸ್ಟ್‌ವೀಗೋದ ಸೀಗಡಿ ಸಂತೆಯಿಂದ. ಮಿಸ್ಸಿಸ್ಸಿಪ್ಪಿ ನದಿಯ ಆಚೆ ದಡ. ಮರದ ಅಂಗಡಿಗಳು ಸಾಲಾಗಿವೆ, ಐಸ್ ಪೆಟ್ಟಿಗೆಯಲ್ಲಿ ತಲೆ ಸಮೇತ ಸೀಗಡಿ ಇಟ್ಟುಕೊಂಡಿರುತ್ತಾರೆ. ಇಲ್ಲಿ ಕಂದು ಸೀಗಡಿ ಮೇ ತಿಂಗಳಲ್ಲಿ ಶುರು, ಬಿಳಿ ಸೀಗಡಿ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ. ಮಿರ್ಲಿಟನ್ ಕಾಯಿ ಬಲಿಯುವ ಹೊತ್ತಿಗೇ ಬಿಳಿ ಸೀಗಡಿ ಸಿಗುತ್ತದೆ. ಎರಡೂ ಒಂದೇ ಪಾತ್ರೆಗೆ ಬಿದ್ದದ್ದು ಸುಮ್ನೆ ಅಲ್ಲ. ಗಾತ್ರವನ್ನು ಪೌಂಡಿಗೆ ಎಷ್ಟು ಅಂತ ಹೇಳುತ್ತಾರೆ. 16/20 ಅಂದರೆ ಒಂದು ಪೌಂಡಿಗೆ 16ರಿಂದ 20, ಅಂದರೆ ದೊಡ್ಡವು. ಕ್ಯಾಸರೋಲ್‌ಗೆ ಅಷ್ಟು ದೊಡ್ಡದು ಬೇಡ. 41/50 ಸಾಕು. ಬೆಲೆಯೂ ಕಡಿಮೆ, ಪ್ರತಿ ತುತ್ತಿಗೂ ಒಂದು ಸೀಗಡಿ ಸಿಗುತ್ತದೆ. ಸುಲಿಯುವುದು ಕೆಲಸ ಜಾಸ್ತಿ, ಒಪ್ಪುತ್ತೇನೆ. ಆದರೆ ಆ ತಲೆ, ಸಿಪ್ಪೆಯಿಂದಲೇ ರಸ ಬರುವುದು.

ಜುಕಿನಿಯ ಬಗ್ಗೆ ಹೇಳಲು ಹೆಚ್ಚಿಲ್ಲ. ಹಳದಿ ಸ್ಕ್ವಾಷಿನಷ್ಟೇ ನೀರು, ಅದರಷ್ಟು ಸಿಹಿಯಿಲ್ಲ.

ಇನ್ನು ಸೀಮೆಬದನೆ. ಇದರಲ್ಲೂ ನೀರಿದೆ, ಆದರೆ ತಿರುಳು ಗಟ್ಟಿ. ಉಪ್ಪು ನೀರಿನಲ್ಲಿ ಅರ್ಧ ಹೋಳು ಮಾಡಿ ಬೇಯಿಸಿ, ಚಮಚದಲ್ಲಿ ತಿರುಳು ಕೆರೆದು, ಜಾಲರಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಬಿಡಬೇಕಾದ ನೀರೆಲ್ಲ ಅಲ್ಲೇ ಬಿಟ್ಟುಬಿಡುತ್ತದೆ. ಒವನ್‌ಗೆ ಹೋದ ಮೇಲೆ ತಕರಾರಿಲ್ಲ. ತನ್ನದೇ ರುಚಿ ಕಡಿಮೆ ಅಂತ ಕೆಲವರು ದೂರುತ್ತಾರೆ. ನನಗೆ ಅದೇ ಇಷ್ಟ. ಸೀಗಡಿಯ ರಸ, ಥೈಮ್, ಬೆಳ್ಳುಳ್ಳಿ ಎಲ್ಲವನ್ನೂ ಹೀರಿಕೊಂಡು ಕೂರುತ್ತದೆ. ಸಾಗು, ಮಜ್ಜಿಗೆ ಹುಳಿಯಲ್ಲಿ ಅದು ಮಾಡುವ ಕೆಲಸವೂ ಇದೇ ಅಲ್ವಾ?

ಒಂದು ಮಾತು: ಹಸಿಯಾಗಿ ಸಿಪ್ಪೆ ತೆಗೆಯಲು ಹೋಗಬೇಡಿ. ಕೈಗೆ ಅಂಟು ಹತ್ತಿ, ಒಣಗಿ, ಚರ್ಮ ಬಿಗಿದುಕೊಳ್ಳುತ್ತದೆ. ಬೇಯಿಸಿದ ಮೇಲೆ ಆ ಕಷ್ಟವಿಲ್ಲ.

ನಾನು ಮಾಡುವ ಕ್ರಮ ಹೀಗೆ. ಆರು ಸೀಮೆಬದನೆ, ಒಂದು ಪೌಂಡ್ ಸೀಗಡಿ, ಅಂದರೆ ಸುಮಾರು 450 ಗ್ರಾಂ. ಸೀಗಡಿ ಸುಲಿದು, ಬೆನ್ನಿನ ಕಪ್ಪು ನರ ತೆಗೆದು ಫ್ರಿಜ್ಜಿನಲ್ಲಿಡಿ. ತಲೆ, ಸಿಪ್ಪೆಯನ್ನು ಎರಡು ಲೋಟ ನೀರಿನಲ್ಲಿ ಇಪ್ಪತ್ತು ನಿಮಿಷ ಸಣ್ಣಗೆ ಕುದಿಸಿ ಸೋಸಿ, ಮತ್ತೆ ಕುದಿಸಿ ಅರ್ಧ ಲೋಟಕ್ಕೆ ಇಳಿಸಿ. ಅರ್ಧ ಕಡ್ಡಿ ಬೆಣ್ಣೆಯಲ್ಲಿ, ಎಂದರೆ ಸುಮಾರು 55 ಗ್ರಾಂ, ಈರುಳ್ಳಿ, ಸೆಲರಿ, ಕ್ಯಾಪ್ಸಿಕಂ ಮೆತ್ತಗಾಗುವವರೆಗೆ ಬಾಡಿಸಿ. ಈ ಮೂರಿಲ್ಲದೆ ಲೂಯಿಸಿಯಾನಾದಲ್ಲಿ ಒಲೆ ಹೊತ್ತುವುದೇ ಇಲ್ಲ ಅನ್ನಬಹುದು, ಇದಕ್ಕೆ ಹೋಲಿ ಟ್ರಿನಿಟಿ ಅಂತಲೇ ಹೆಸರು. ಆಮೇಲೆ ಬೆಳ್ಳುಳ್ಳಿ, ಥೈಮ್, ಖಾರದ ಪುಡಿ. ಬೆಂದ ತಿರುಳನ್ನು ಹಾಕಿ, ಸೌಟಿನಲ್ಲಿ ಮಸೆಯುತ್ತಾ, ತಳ ಹಿಡಿಯಲು ಶುರುವಾಗುವವರೆಗೆ ಕೈಯಾಡಿಸಿ. ಆಗ ರಸ ಸುರಿಯಿರಿ. ಅದು ಇಂಗಿದ ಮೇಲೆ ಒಲೆ ಆರಿಸಿ, ಒಣಗಿದ ಬ್ರೆಡ್ಡಿನ ಪುಡಿ ಒಂದೂವರೆ ಕಪ್, ಈರುಳ್ಳಿ ಸೊಪ್ಪು, ಪಾರ್ಸ್ಲಿ ಕಲಸಿ. ಸ್ವಲ್ಪ ಆರಿದ ಮೇಲೆ ಒಂದು ಮೊಟ್ಟೆ.

ಸೀಗಡಿ ಕೊನೆಗೆ, ಹಸಿಯಾಗಿಯೇ. ಬಾಣಲೆಯಲ್ಲಿ ಬೇಯಿಸಿ ಹಾಕಿದರೆ ಒವನ್‌ನಲ್ಲಿ ಮುದುಡಿಕೊಳ್ಳುತ್ತದೆ. ಮೇಲೆ ರಿಟ್ಜ್ ಪುಡಿ ಉದುರಿಸಿ ಒವನ್‌ಗೆ ಇಡಿ. 350 ಫ್ಯಾರನ್‌ಹೀಟ್, ಅಂದರೆ ಹೆಚ್ಚುಕಡಿಮೆ 180 ಡಿಗ್ರಿ ಸೆಲ್ಸಿಯಸ್. ಅರ್ಧ ಗಂಟೆಯಲ್ಲಿ ಮೇಲ್ಪದರ ಕೆಂಪಗಾಗಿ ಅಂಚು ಗುಳುಗುಳು ಅನ್ನುತ್ತದೆ. ನಡುವಿನ ಒಂದು ಸೀಗಡಿ ಬಿಡಿಸಿ ನೋಡಿ. ಪಾರದರ್ಶಕವಾಗಿರದೆ ಪೂರ್ತಿ ಬೆಳ್ಳಗಾಗಿದ್ದರೆ ಸರಿ. ಇಲ್ಲಿಯವರು ಹ್ಯಾಮ್ ಕೂಡ ಹಾಕುತ್ತಾರೆ. ನಮ್ಮ ಯಜಮಾನರು ತಿನ್ನುವುದಿಲ್ಲ, ನಾನು ಹಾಕುವುದಿಲ್ಲ. ಅರ್ಧ ಚಮಚ ಹೊಗೆ ಹಿಡಿಸಿದ ಪ್ಯಾಪ್ರಿಕಾ ಹಾಕಿದರೆ ಹ್ಯಾಮಿನ ಕೊರತೆ ಕಾಣುವುದಿಲ್ಲ.

ಡಬ್ಬಿ ಸೂಪಿನ ವಿಷಯ ಹೇಳಲೇಬೇಕು. ಹಳದಿ ಸ್ಕ್ವಾಷಿನ ಬಹಳಷ್ಟು ಪಾಕವಿಧಾನಗಳಲ್ಲಿ ಒಂದು ಡಬ್ಬಿ ಕೆನೆ ಸೂಪ್ ಇರುತ್ತದೆ. ಕ್ಯಾಂಪ್‌ಬೆಲ್ ಕಂಪನಿಯ ಅಣಬೆ ಸೂಪ್ ಬಂದದ್ದು 1934ರಲ್ಲಿ, ರಿಟ್ಜ್ ಬಿಸ್ಕತ್ತು ಬಂದದ್ದೂ ಅದೇ ವರ್ಷ. ದುಡ್ಡಿಲ್ಲದ ಕಾಲದಲ್ಲಿ ಎಷ್ಟೋ ಮನೆಗಳ ಊಟವನ್ನು ಇಂಥವು ಸುಲಭ ಮಾಡಿದವು, ಅದಕ್ಕೆ ನನಗೆ ಗೌರವವಿದೆ. ಬರೀ ತರಕಾರಿಯ ಕ್ಯಾಸರೋಲ್‌ಗೆ ಸೂಪ್ ಹೊಂದುತ್ತದೆ. ಸೀಗಡಿಗೆ ಹೊಂದುವುದಿಲ್ಲ. ಅಣಬೆ, ಹಿಟ್ಟು, ಉಪ್ಪು ಸೇರಿ ಸೀಗಡಿಯ ಪರಿಮಳ ಮುಚ್ಚಿಹೋಗುತ್ತದೆ. ಚೆಡ್ಡರ್ ಕೂಡ ಹಾಗೆಯೇ. ರಿಟ್ಜ್ ಮಾತ್ರ ನಾನು ಬಿಡುವುದಿಲ್ಲ. ಬ್ರೆಡ್ಡಿನ ಪುಡಿಗಿಂತ ಅದೇ ಗರಿಗರಿ, ಸೀಮೆಬದನೆಯ ಮೇಲೂ ಅದನ್ನೇ ಉದುರಿಸುತ್ತೇನೆ.

ಸೀಗಡಿ ಬದಲು ಬೇರೇನು? ಏಡಿಯ ದೊಡ್ಡ ತುಂಡಿನ ಮಾಂಸ ಬಹಳ ರುಚಿ, ಆದರೆ ತಿಂಗಳ ಖರ್ಚಿಗೆ ಹೊರೆ. ಸಿಹಿನೀರಿನ ಸೀಗಡಿಯಂಥ ಕ್ರಾಫಿಶ್‌ನ ತಿರುಳು ಚೆನ್ನಾಗಿರುತ್ತದೆ, ಅದರ ಕಿತ್ತಳೆ ಬಣ್ಣದ ಕೊಬ್ಬು ಜೊತೆಗಿದ್ದರೆ ಮಾತ್ರ. ತೊಳೆದು ಪ್ಯಾಕ್ ಮಾಡಿದ್ದರೆ ಸಪ್ಪೆ.

ಸೀಮೆಬದನೆಯ ಕೊರತೆಗಳೂ ಇವೆ. ಹೊತ್ತು ಜಾಸ್ತಿ ಬೇಕು, ಆಫೀಸು ಮುಗಿಸಿ ಬಂದು ಮಾಡುವ ಅಡುಗೆಯಲ್ಲ. ಈ ನೆಲದ ತಳಿಯ ಕಾಯಿ ಸಿಗುವುದೂ ಕಷ್ಟ. 2005ರ ಕತ್ರಿನಾ ಚಂಡಮಾರುತದಲ್ಲಿ ನೀರು ನಿಂತು ಹಿತ್ತಿಲ ಬಳ್ಳಿಗಳು ಬಹಳಷ್ಟು ಸತ್ತವು. ಉಳಿದವನ್ನು ಹುಡುಕಿ ಬೀಜಕ್ಕೆ ಹಂಚುವವರು ಈಗಲೂ ಇದ್ದಾರೆ. ಇದರ ಬೀಜ ಅಂದರೆ ಇಡೀ ಕಾಯೇ, ಮೊಳಕೆ ಬಂದ ಕಾಯನ್ನೇ ಹೂಳುವುದು. ನಮ್ಮ ಬೀದಿಯ ಅಜ್ಜಿಯೊಬ್ಬರು ಚೀಲದಲ್ಲಿ ನಾಲ್ಕು ಕಾಯಿ ಕೊಟ್ಟು, "ಬೇಬಿ, ಮೂರನ್ನು ತಿನ್ನು, ಒಂದನ್ನು ನೆಡು" ಎಂದರು. ಈ ಊರಿನಲ್ಲಿ ವಯಸ್ಸಾದವರು ಎಲ್ಲರನ್ನೂ ಬೇಬಿ ಎಂದೇ ಕರೆಯುವುದು. ಆ ಕಾಯಿ ಅಂಗಡಿಯದಕ್ಕಿಂತ ಗೀರು ಗೀರಾಗಿ, ತಿರುಳು ಇನ್ನೂ ನಯವಾಗಿತ್ತು. ಉಳಿದ ತಿಂಗಳು ನಾನು ಕೊಳ್ಳುವುದು ವಿಯೆಟ್ನಾಮಿನವರ ಅಂಗಡಿಯಲ್ಲಿ, ಹೊರಗಿನಿಂದ ಬಂದ ನುಣುಪು ಕಾಯಿ. ಬೆಲೆ ಹಗುರ, ಕ್ಯಾಸರೋಲ್‌ಗೆ ಏನೂ ಮೋಸವಿಲ್ಲ.

ನಮ್ಮ ಕಡೆ, ಕರ್ನಾಟಕದಲ್ಲಿರುವವರಿಗೆ ಇನ್ನೂ ಸುಲಭ. ಸೀಮೆಬದನೆ ಮಾರುಕಟ್ಟೆಯಲ್ಲಿ ಇದ್ದೇ ಇರುತ್ತದೆ. ಕರಾವಳಿಯಲ್ಲಿ ಜೂನ್–ಜುಲೈ ಮೀನುಗಾರಿಕೆಯ ನಿಷೇಧ ಕಳೆದ ಮೇಲೆ ಒಳ್ಳೆಯ ಸೀಗಡಿ ತನ್ನಿ. ಸೆಲರಿ ಸಿಗದಿದ್ದರೆ ಬಿಟ್ಟುಬಿಡಿ. ರಿಟ್ಜ್ ಬದಲು ಮೊನಾಕೊ ಬಿಸ್ಕತ್ತು ಪುಡಿ ಮಾಡಿ, ಉಪ್ಪು ಮಾತ್ರ ನೋಡಿಕೊಂಡು ಹಾಕಿ.

ಹಳದಿ ಸ್ಕ್ವಾಷ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಸೀಗಡಿ ಇಲ್ಲದೆ, ಚೀಸ್ ಹಾಕಿ, ಮನೆಯವರೆಲ್ಲ ಬಿಸಿಬಿಸಿಯಾಗಿ ಒಂದೇ ಹೊತ್ತಿಗೆ ಮುಗಿಸುವುದಾದರೆ ಅದು ಬಹಳ ಒಳ್ಳೆಯದು. ಮಕ್ಕಳಿಗೂ ಇಷ್ಟ. ಆದರೆ ನಮ್ಮ ಮನೆಯಲ್ಲಿ ಭಾನುವಾರ ಮಾಡಿದ್ದು ಸೋಮವಾರ ಡಬ್ಬಿಗೆ ಹೋಗುತ್ತದೆ. ಹಳದಿಯದು ಮರುದಿನ ಇನ್ನಷ್ಟು ನೀರು ಬಿಡುತ್ತದೆ. ಸೀಮೆಬದನೆಯದು ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿಯಾಗಿ ನಿಲ್ಲುತ್ತದೆ.

ನವೆಂಬರ್‌ನಲ್ಲಿ ಕಾಯಿ ಜಾಸ್ತಿ ಸಿಕ್ಕಾಗ ಬ್ರೆಡ್ಡು, ಮೊಟ್ಟೆ, ಸೀಗಡಿ ಮೂರನ್ನೂ ಹಾಕದೆ ಬರೀ ತಿರುಳಿನ ಪಲ್ಯದವರೆಗೆ ಮಾಡಿ, ಆರಿಸಿ, ಚಪ್ಪಟೆ ಚೀಲಗಳಲ್ಲಿ ಫ್ರೀಜರ್‌ಗೆ ಹಾಕಿಡಿ. ಬೇಕೆನಿಸಿದ ಹಿಂದಿನ ರಾತ್ರಿ ಒಂದು ಚೀಲ ಫ್ರಿಜ್ಜಿಗೆ ಇಳಿಸಿ. ಬೆಳಿಗ್ಗೆ ಸ್ವಲ್ಪ ನೀರು ಬೇರೆಯಾಗಿ ನಿಂತಿರುತ್ತದೆ. ಅದನ್ನು ಚೆಲ್ಲಬೇಡಿ, ಸೀಗಡಿಯ ರಸವೆಲ್ಲ ಅದರಲ್ಲೇ ಇರುತ್ತದೆ. ಬಾಣಲೆಯಲ್ಲಿ ಇಂಗಿಸಿ, ಆಮೇಲೆ ಉಳಿದದ್ದು ಸೇರಿಸಿ ಒವನ್‌ಗೆ ಇಡಿ.