ಕೈಯಿಂದ ತಿರುಗಿಸುವ ಶೀಟ್ ರೋಲಿಂಗ್ ಮಷಿನ್: ಗೇಜ್ ಕೇಳುವ ಮೊದಲು ರೋಲರ್ ದಪ್ಪ ಅಳೆಯಿರಿ

ಹೋಟೆಲ್ ಅಡುಗೆಮನೆಗೆ ಹೊಗೆ ಪೈಪು, ಹಂಡೆ, ದೊಡ್ಡ ಆಲಿಕೆ, ಇಂಥ ಕೆಲಸ ನಮ್ಮದು. 3 ಅಡಿ ಉದ್ದ, 2 ಇಂಚು ದಪ್ಪದ ರೋಲರ್ ಇರುವ ಕೈ ಮಷಿನ್ ತಂದು ಕೆಲವು ವರ್ಷವಾಯಿತು. ಈ ಅಳತೆಯದ್ದನ್ನು ಯಾರು ಮಾಡಿದರೂ ಹೆಚ್ಚುಕಡಿಮೆ ಇದೇ ನಮೂನೆ, ಹಾಗಾಗಿ ಕಂಪನಿ ಹೆಸರು ಬೇಡ.

ಮುಂದಿನ ಎರಡು ರೋಲರ್ ಶೀಟನ್ನು ಕಚ್ಚಿ ಎಳೆಯುತ್ತವೆ, ಹಿಂದಿನದು ಬಗ್ಗಿಸುತ್ತದೆ. ಪೂರ್ತಿ ಸುತ್ತಿದ ಮೇಲೆ ಮೇಲಿನ ರೋಲರಿನ ಒಂದು ತುದಿ ಬಿಡಿಸಿ ಎತ್ತಿದರೆ, ಕೈಬಳೆ ತೆಗೆದ ಹಾಗೆ ಪೈಪು ಜಾರಿ ಬರುತ್ತದೆ. ಕರೆಂಟ್ ಬೇಡ, ಸದ್ದಿಲ್ಲ.

ತಕರಾರು ಇರುವುದು ಮಷಿನಿನ ಪ್ಲೇಟಿನ ಮೇಲೆ ಬರೆದ '20 ಗೇಜ್' ಬಗ್ಗೆ. ಗೇಜ್ ಅಂದರೆ ಶೀಟಿನ ದಪ್ಪದ ನಂಬರ್, ನಂಬರ್ ಕಡಿಮೆಯಾದಷ್ಟೂ ಶೀಟ್ ದಪ್ಪ. ಆ 20 ಎಂಎಸ್, ಅಂದರೆ ಸಾದಾ ಮೆದು ಉಕ್ಕಿನ ಶೀಟಿನ ಲೆಕ್ಕ. ಒಂದಡಿ ಅಗಲದ ತುಂಡಾದರೆ 20 ಗೇಜ್ ಸಲೀಸು. ಪೂರ್ತಿ 3 ಅಡಿ ಕೊಟ್ಟರೆ ರೋಲರ್ ನಡುವೆ ಬಳುಕುತ್ತದೆ; ಪೈಪಿನ ಎರಡೂ ತುದಿ ಬಿಗಿಯಾಗಿ ಕೂತು ಮಧ್ಯದಲ್ಲಿ ಜಾಯಿಂಟ್ ಬಾಯಿ ಬಿಡುತ್ತದೆ. 22 ಗೇಜ್ ಅಂದರೆ 0.7 ಮಿ.ಮೀ., 20 ಅಂದರೆ 0.9. ಬಗ್ಗಿಸಲು ಬೇಕಾದ ಬಲ ದಪ್ಪದ ವರ್ಗದಂತೆ ಏರುವುದರಿಂದ ಇಷ್ಟಕ್ಕೇ ಒಂದೂವರೆ ಪಟ್ಟಿಗಿಂತ ಜಾಸ್ತಿ ಬಲ ಬೇಕು. ಅತ್ತ 2 ಇಂಚಿನ ಬದಲು 3 ಇಂಚಿನ ರೋಲರ್ ಇದ್ದರೆ ಸುಮಾರು 5 ಪಟ್ಟು ಕಡಿಮೆ ಬಳುಕುತ್ತದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ, ಬಣ್ಣ ತೋರಿಸುತ್ತಾರೆ.

ಸ್ಟೀಲ್ ಶೀಟ್, ಅಂದರೆ 304 ನಂಬರಿನ ಸ್ಟೇನ್‌ಲೆಸ್, ಇನ್ನೂ ಹಠಮಾರಿ. ಬಗ್ಗಿಸಿ ಬಿಟ್ಟರೆ ವಾಪಸ್ ಬಿಚ್ಚಿಕೊಳ್ಳುತ್ತದೆ, ಬೇಕಾದ ಸೈಜಿಗಿಂತ ಬಿಗಿಯಾಗಿಯೇ ಸುತ್ತಬೇಕು. 22 ಗೇಜ್ ಸ್ಟೀಲನ್ನು ನಾವು ಸಣ್ಣ ತುಂಡುಗಳಲ್ಲೇ ಸುತ್ತಿ ಜೋಡಿಸುತ್ತೇವೆ. ಮೇಲಿನ ಪ್ಲಾಸ್ಟಿಕ್ ಫಿಲ್ಮ್ ಕೀಳಬೇಡಿ. ಕತ್ತರಿಸಿದ ಅಂಚಿನ ಚೂಪನ್ನು ಅರದಿಂದ ಉಜ್ಜಿಯೇ ಒಳಗೆ ಕೊಡಿ. ಒಮ್ಮೆ ರೋಲರಿಗೆ ಗೀರು ಬಿದ್ದರೆ ಆಮೇಲಿನ ಪ್ರತಿ ಪೈಪಿನಲ್ಲೂ ಅದರ ಗುರುತು ಕಾಣುತ್ತದೆ.

ಮೊದಲು ಒಳಹೋಗುವ ತುದಿ ಸ್ವಲ್ಪ ಚಪ್ಪಟೆಯಾಗಿ ಉಳಿಯುವುದು ಮಷಿನ್ ದೋಷವಲ್ಲ. ಆ ತುದಿಯನ್ನು ಹಳೇ ಪೈಪಿನ ಮೇಲಿಟ್ಟು ಮರದ ಸುತ್ತಿಗೆಯಿಂದ ಬಾಗಿಸಿಕೊಳ್ಳಿ, ಇಲ್ಲವೇ ಆ ಕಡೆ ಮೊದಲು ಬಗ್ಗಿಸಿಕೊಂಡು ಶೀಟ್ ತಿರುಗಿಸಿ ಕೊಡಿ. ಒಂದೇ ಸಲಕ್ಕೆ ಹಿಂದಿನ ರೋಲರ್ ಬಿಗಿ ಮಾಡುವ ಆತುರ ಬೇಡ. ಎರಡು ಮೂರು ಸುತ್ತಿನಲ್ಲಿ ತನ್ನಿ. ಶೀಟ್ ಕತ್ತರಿಸುವಾಗ ಮಧ್ಯದ ವ್ಯಾಸ, ಅಂದರೆ ಹೊರ ವ್ಯಾಸದಲ್ಲಿ ಶೀಟಿನ ದಪ್ಪ ಕಳೆದದ್ದು, ಹಿಡಿಯಿರಿ: ಹೊರಗಿನಿಂದ 150 ಮಿ.ಮೀ. ಪೈಪಿಗೆ 22 ಗೇಜಿನಲ್ಲಿ 149.3ರ ಲೆಕ್ಕ, ಅಂದರೆ 469 ಮಿ.ಮೀ. ಉದ್ದ. 150 ಅಂತಲೇ ಹಿಡಿದರೆ 471 ಬರುತ್ತದೆ, ಪೈಪು ಜೋಡಿಸುವಾಗ ಆ 2 ಮಿ.ಮೀ. ಕಾಟ ಕೊಡುತ್ತದೆ.

3 ಇಂಚಿಗಿಂತ ಸಣ್ಣ ಪೈಪು ಇದರಲ್ಲಿ ಬೇಡ. ಆಲಿಕೆಗೆ ಹಿಂದಿನ ರೋಲರನ್ನು ಓರೆ ಮಾಡಿ ಸುತ್ತಬಹುದು, ಆದರೆ ಸಣ್ಣ ಬಾಯಿಯ ಕಡೆ ಶೀಟನ್ನು ಕೈಯಲ್ಲಿ ತಡೆಯುತ್ತಾ ಹೋಗಬೇಕು. ಅದು ಕೈಗೆ ಕೂರುವುದಕ್ಕೆ ಕಾಲ ಬೇಕು.

ರೋಲರ್ ತುದಿ ಕೂತು ತಿರುಗುವ ಬುಷ್‌ಗೆ ಆಗಾಗ ಎಣ್ಣೆ ಬಿಟ್ಟರೆ ಬೇರೆ ಖರ್ಚಿಲ್ಲ. ಗೇರ್ ಮೇಲೆ ಕವರ್ ಇರಲಿಲ್ಲ, ತಗಡಿನಲ್ಲಿ ನಾವೇ ಮಾಡಿ ಹಾಕಿದೆವು. ಹ್ಯಾಂಡಲ್ ತಿರುಗಿಸುವವನೂ ಶೀಟ್ ಕೊಡುವವನೂ ಬೇರೆ ಬೇರೆಯಾದರೆ ಕೊಡುವವನೇ 'ಹೂಂ' ಅನ್ನಬೇಕು, ಮತ್ತು ಗ್ಲೌಸ್ ತೆಗೆದಿಟ್ಟಿರಬೇಕು. ಸಿಕ್ಕಿಕೊಂಡ ಬಟ್ಟೆ ಬೆರಳನ್ನೂ ಎಳೆಯುತ್ತದೆ.