ಟಾಹೋ ಕೆರೆಯ ಸುತ್ತ ಸೈಕಲ್: ಫ್ಲೂಮ್, ಟೋಡ್ಸ್, ಕೊರಲ್ ಮೂರರಲ್ಲಿ ಯಾವುದು?

ಬೇಸಿಗೆ ಬಂತೆಂದರೆ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡದ ಗೆಳೆಯರಿಂದ ಒಂದು ಫೋನ್ ಬಂದೇ ಬರುತ್ತದೆ. "ಟಾಹೋಗೆ ಹೊರಟಿದ್ದೀವಿ, ಸೈಕಲ್ಲೂ ಹಾಕ್ಕೊಂಡು ಹೋಗ್ತೀವಿ. ಯಾವ ಟ್ರೇಲ್ ಚೆನ್ನಾಗಿದೆ?" ಟಾಹೋ ಅಂದರೆ ಕ್ಯಾಲಿಫೋರ್ನಿಯಾ, ನೆವಾಡಾ ರಾಜ್ಯಗಳ ಗಡಿಯಲ್ಲಿ ಬೆಟ್ಟಗಳ ನಡುವೆ ಇರುವ ದೊಡ್ಡ ಕೆರೆ. ಫ್ಲೂಮ್, ಟೋಡ್ಸ್, ಕೊರಲ್ ಅದರ ಸುತ್ತ ಮೌಂಟನ್ ಬೈಕ್ ಓಡಿಸುವ ಮೂರು ಕಾಡುದಾರಿಗಳು, ಅಂದರೆ ಟ್ರೇಲುಗಳು. ನನ್ನ ಉತ್ತರ ಇಷ್ಟೇ. ಒಂದೇ ದಿನ ಇದ್ದರೆ ಫ್ಲೂಮ್. ಎರಡು ಮೂರು ದಿನ ಇದ್ದು, ಸೈಕಲ್ ಓಡಿಸುವ ಖುಷಿಯೇ ಮುಖ್ಯ ಅನ್ನುವವರಿಗೆ ಕೊರಲ್. ಟೋಡ್ಸ್ ಅಂದವರನ್ನು ಮಾತ್ರ ಸ್ವಲ್ಪ ತಡೆದು ಎರಡು ಪ್ರಶ್ನೆ ಕೇಳುತ್ತೇನೆ. ಮೂರನ್ನೂ ಚೆನ್ನಾಗಿ ಓಡಿಸಿ ನೋಡಿದ್ದೇನೆ, ಹಾಗಾಗಿ ಕಾರಣಗಳನ್ನೂ ಹೇಳುತ್ತೇನೆ.

ಮೊದಲು ಎತ್ತರದ ವಿಷಯ. ಟಾಹೋ ಕೆರೆಯ ನೀರಿನ ಮಟ್ಟವೇ ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್. ಅಂದರೆ ಮುಳ್ಳಯ್ಯನಗಿರಿಯ ತುದಿಗೆ ಹತ್ತಿರ ಹತ್ತಿರ. ಸೌತ್ ಲೇಕ್ ಟಾಹೋ ಊರು ಆ ನೀರಿನ ಅಂಚಿನಲ್ಲೇ ಇದೆ. ಟ್ರೇಲುಗಳೆಲ್ಲ ಅದಕ್ಕಿಂತ ಮೇಲೆ. ಶುಕ್ರವಾರ ರಾತ್ರಿ ಬೇ ಏರಿಯಾದ ಫ್ರೀಮಾಂಟ್‌ನಿಂದ ಕಾರಿನಲ್ಲಿ ಬಂದು, ಶನಿವಾರ ಬೆಳಿಗ್ಗೆ ಪೆಡಲ್ ತುಳಿಯಲು ಶುರು ಮಾಡಿದರೆ ದಿನಾ ಓಡಿಸುವವರಿಗೂ ಏದುಸಿರು ಬರುತ್ತದೆ. ಜನ ಇಳಿಜಾರಿನ ವಿಡಿಯೋ ನೋಡಿ ಟ್ರೇಲ್ ಆರಿಸುತ್ತಾರೆ. ನಾನು ಹೇಳುವುದು ಬೇರೆ. ಏರು ಎಲ್ಲಿದೆ, ಎಂಥದ್ದು, ಮಧ್ಯೆ ಬಿಟ್ಟು ವಾಪಸ್ ಬರಬಹುದಾ, ಅದನ್ನು ಮೊದಲು ನೋಡಿ.

ಫ್ಲೂಮ್ ಟ್ರೇಲ್ ಇರುವುದು ಪೂರ್ವ ದಡದಲ್ಲಿ, ನೆವಾಡಾ ಕಡೆ. ಸ್ಪೂನರ್ ಲೇಕ್ ಹತ್ತಿರ ಶುರು, ಇನ್‌ಕ್ಲೈನ್ ವಿಲೇಜ್ ಹತ್ತಿರ ಕೊನೆ, ಒಟ್ಟು ಸುಮಾರು 22 ಕಿಲೋಮೀಟರ್. ಏರೆಲ್ಲ ಮೊದಲೇ ಮುಗಿಯುತ್ತದೆ. ನಾರ್ತ್ ಕ್ಯಾನ್ಯನ್ ಅನ್ನುವ ಅಗಲವಾದ ಮಣ್ಣು ರಸ್ತೆಯಲ್ಲಿ, ಆಸ್ಪೆನ್ ಮರಗಳ ನಡುವೆ, ಸುಮಾರು 2,130 ಮೀಟರಿನಿಂದ 2,480ರವರೆಗೆ ಹತ್ತಬೇಕು. ಅರ್ಧ ದಾರಿ ಹರಟೆ ಹೊಡೆಯುತ್ತಲೇ ಹೋಗಬಹುದು. ಮೇಲಿನ ಭಾಗ ಕಡಿದು, ಜೊತೆಗೆ ಸಡಿಲ ಮರಳು. ಅಲ್ಲಿ ಎಷ್ಟೋ ಜನ ಇಳಿದು ತಳ್ಳುತ್ತಾರೆ, ನೀವೂ ತಳ್ಳಿ. ಆಗಲ್ಲ ಅನ್ನಿಸಿದರೆ ತಿರುಗಿಸಿ ಬಿಟ್ಟರೆ ಅದೇ ರಸ್ತೆಯಲ್ಲಿ ಹೊರಟ ಜಾಗಕ್ಕೆ ಸೀದಾ ಬಂದು ಸೇರುತ್ತೀರಿ. ಹೊಸಬರಿಗೆ ನಾನು ಫ್ಲೂಮ್ ಹೇಳುವುದಕ್ಕೆ ಇದು ದೊಡ್ಡ ಕಾರಣ.

ಮಾರ್ಲೆಟ್ ಕೆರೆಯ ಅಣೆಕಟ್ಟು ದಾಟಿದ ಮೇಲೆ ನಿಜವಾದ ಫ್ಲೂಮ್ ಸಿಗುತ್ತದೆ. ಇದು ಸೈಕಲ್ಲಿಗೆಂದು ಮಾಡಿದ ದಾರಿಯಲ್ಲ. 1859ರಲ್ಲಿ ನೆವಾಡಾದ ವರ್ಜೀನಿಯಾ ಸಿಟಿ ಕಡೆ ಬೆಳ್ಳಿ ಸಿಕ್ಕಿದ ಮೇಲೆ ಅಲ್ಲಿನ ಗಣಿಗಳಿಗೆ ನೀರೂ ಬೇಕಾಯಿತು, ಮರವೂ ಬೇಕಾಯಿತು. ಅದಕ್ಕಾಗಿ ಬೆಟ್ಟದ ಪಕ್ಕೆಯನ್ನು ಕೊರೆದು, ಆ ಅಂಚಿನ ಮೇಲೆ ಮರದ ಹಲಗೆಯ ಕಾಲುವೆ, ಅಂದರೆ ಫ್ಲೂಮ್, ಕೂರಿಸಿದರು. 1873ರ ಹೊತ್ತಿಗೆ ಈ ಬೆಟ್ಟಗಳ ನೀರು ಕಣಿವೆ ದಾಟಿ ವರ್ಜೀನಿಯಾ ಸಿಟಿ ತಲುಪಿತ್ತು. ಹಲಗೆಯ ಕಾಲುವೆಗೆ ನೀರು ಮೆಲ್ಲಗೆ ಹರಿಯುವಷ್ಟೇ ಇಳಿಜಾರು ಬೇಕು. ಅದಕ್ಕೇ ಇವತ್ತು ಸುಮಾರು ಏಳು ಕಿಲೋಮೀಟರ್ ಉದ್ದಕ್ಕೂ ಟ್ರೇಲ್ ಹೆಚ್ಚೂಕಡಿಮೆ ಸಮತಟ್ಟಾಗಿದೆ. ಪೆಡಲ್ ತುಳಿಯುವ ಶ್ರಮವೇ ಇಲ್ಲ. ಎಡಗಡೆ ಕೆರೆ, ಸುಮಾರು 450 ಮೀಟರ್ ಕೆಳಗೆ. ಸ್ಯಾಂಡ್ ಹಾರ್ಬರ್ ಹತ್ತಿರ ನೀರಿನೊಳಗಿನ ಬಂಡೆಗಳು ಅಷ್ಟು ಮೇಲಿನಿಂದಲೂ ಕಾಣುತ್ತವೆ. ದಡದಲ್ಲಿ ತಿಳಿಹಸಿರು, ಒಳಕ್ಕೆ ಹೋದ ಹಾಗೆ ಕಡುನೀಲಿ. ಕೆರೆಯ ಆಳ 501 ಮೀಟರ್, ಆ ನೀಲಿ ಸುಮ್ನೆ ಬಂದದ್ದಲ್ಲ.

ಆದರೆ ದಾರಿ ಕಿರಿದು. ಕೆಲವು ಕಡೆ ಬಲಗಡೆ ಬಂಡೆ ಮೊಣಕೈಗೆ ತಾಗುವಷ್ಟು ಹತ್ತಿರ, ಎಡಗಡೆ ಹ್ಯಾಂಡಲ್ ತುದಿಯ ಕೆಳಗೆ ನೆಲವೇ ಇಲ್ಲ. ಶಿವಮೊಗ್ಗದಿಂದ ಬಂದಿದ್ದ ನಮ್ಮ ಭಾವನನ್ನು ಕರೆದುಕೊಂಡು ಹೋದಾಗ ಅವರ ಕಣ್ಣು ಕೆರೆಯಿಂದ ಕದಲುತ್ತಲೇ ಇರಲಿಲ್ಲ. ಕಣ್ಣು ಹೋದ ಕಡೆಗೇ ಸೈಕಲ್ಲೂ ವಾಲುತ್ತದೆ. "ಭಾವ, ಕೆರೆ ನೋಡೋದಾದ್ರೆ ನಿಲ್ಸಿ ನೋಡಿ, ಓಡಿಸ್ತಾ ಬೇಡ" ಅಂದೆ. "ಹಾಗಾದ್ರೆ ಸಂಜೆ ತನಕ ನಿಲ್ಸ್ತಾನೇ ಇರ್ಬೇಕಾಗುತ್ತೆ ಕಣೋ" ಅಂದರು. ಹಾಗೇ ಮಾಡಿದರು ಕೂಡ. ಅದೇ ಸರಿಯಾದ ಕ್ರಮ. ಫ್ಲೂಮ್‌ಗೆ ಗಡಿಯಾರ ನೋಡಿಕೊಂಡು ಹೋಗಬಾರದು.

ಕೊನೆಯಲ್ಲಿ ಟನಲ್ ಕ್ರೀಕ್ ರಸ್ತೆಯ ಇಳಿಜಾರು ಇದೆ. ಅಗಲ, ಕಡಿದು, ಪೂರ್ತಿ ಮರಳು. ಇಲ್ಲಿನ ಗ್ರಾನೈಟ್ ಕಲ್ಲು ಪುಡಿಯಾಗಿ ದಪ್ಪ ರವೆಯ ಹಾಗೆ ಬಿದ್ದಿರುತ್ತದೆ. ಅದರ ಮೇಲೆ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಚಕ್ರ ಜಾರುತ್ತದೆ. ಕೆಳಗಿನಿಂದ ಸ್ಪೂನರ್‌ಗೆ ವಾಪಸ್ ಬರಲು ಶಟಲ್ ಗಾಡಿ ಸಿಗುತ್ತದೆ. ವಾರಾಂತ್ಯದಲ್ಲಿ ಮೊದಲೇ ಕಾದಿರಿಸಿ.

ಇನ್ನು ಮಿಸ್ಟರ್ ಟೋಡ್ಸ್ ವೈಲ್ಡ್ ರೈಡ್. ನಕ್ಷೆಯಲ್ಲಿ, ಫಲಕದಲ್ಲಿ ಸ್ಯಾಕ್ಸನ್ ಕ್ರೀಕ್ ಟ್ರೇಲ್ ಅಂತಿರುತ್ತದೆ, ಅದೇ ಇದು. ಕೆರೆಯ ದಕ್ಷಿಣಕ್ಕೆ, ಲೂಥರ್ ಪಾಸ್ ಕಡೆಯ 89ನೇ ಹೆದ್ದಾರಿಯಲ್ಲಿ ಬಿಗ್ ಮೆಡೋ ಅನ್ನುವಲ್ಲಿ ಕಾರು ಬಿಟ್ಟು, ಕೆರೆಯ ಸುತ್ತಲಿನ ಬೆಟ್ಟಗಳ ಮೇಲೆ ಸುತ್ತಿ ಹೋಗುವ ಟಾಹೋ ರಿಮ್ ಟ್ರೇಲ್ ಹಿಡಿದು ಹತ್ತಬೇಕು. ಇದು ಫ್ಲೂಮ್‌ನ ಮಣ್ಣು ರಸ್ತೆಯಂಥ ಏರಲ್ಲ. ಕಲ್ಲು, ಬೇರು, ಮೆಟ್ಟಿಲು. ಉಸಿರು ಸರಿಯಾಗಿ ಆಡುವ ಮೊದಲೇ ಮುಂದಿನ ಕಲ್ಲು. 2,600 ಮೀಟರ್ ದಾಟಿದ ಮೇಲೆ ಇಳಿಜಾರು ಶುರು. ಅಲ್ಲಿ ತೊಂದರೆ ಏನೆಂದರೆ, ಅತಿ ಕಷ್ಟದ ಭಾಗಕ್ಕೆ ನೀವು ಅತಿ ಸುಸ್ತಾಗಿ ಬಂದಿರುತ್ತೀರಿ.

ಮಧ್ಯದ ಗ್ರಾನೈಟ್ ಭಾಗವೇ ಟೋಡ್ಸ್‌ನ ಜೀವ. ಮೊಣಕಾಲೆತ್ತರದ ಬಂಡೆಗಳು ಒಂದರ ಕೆಳಗೊಂದು. ಸೀಟು ಪೂರ್ತಿ ಕೆಳಗಿಳಿಸಿ, ಮೈಯನ್ನು ಹಿಂದಕ್ಕೆ ಎಳೆದು, ಮುಂದಿನ ಚಕ್ರವನ್ನು ಮೆಲ್ಲಗೆ ಅಂಚಿನಿಂದ ಇಳಿಸಬೇಕು. ಆಗ ಪೆಡಲ್ ಕಲ್ಲಿಗೆ ತಗಲುತ್ತದಾ ಅಂತಲೂ ನೋಡಬೇಕು. ಬ್ರೇಕ್ ಬಿಗಿ ಹಿಡಿದರೆ ಚಕ್ರ ಸಿಕ್ಕಿಕೊಂಡು ಮುಗ್ಗರಿಸುತ್ತೀರಿ, ಬಿಟ್ಟರೆ ಮುಂದಿನ ಬಂಡೆ ಬಂದೇ ಬಿಡುತ್ತದೆ. ಒಂದೊಂದು ಕಡೆ ನಾನು ಇವತ್ತಿಗೂ ಸೈಕಲ್ ಹೊತ್ತುಕೊಂಡೇ ಇಳಿಯುತ್ತೇನೆ. ಒಟ್ಟು ಇಳಿತ ಸುಮಾರು 600 ಮೀಟರ್. ಕೆಳಗಡೆ ಕಾಡಿನಲ್ಲಿ ಮಣ್ಣಿನ ಒರಗು ತಿರುವುಗಳು (ಹೊರ ಅಂಚು ಎತ್ತರಿಸಿದ ತಿರುವುಗಳು) ಬರುತ್ತವೆ, ಅಲ್ಲಿ ಮಾತ್ರ ಬ್ರೇಕ್ ಬಿಟ್ಟು ಹಾರುವ ಖುಷಿ. ಕೆರೆ? ಇಳಿಯುವಾಗ ಅದನ್ನು ನೋಡಲು ಪುರಸೊತ್ತೇ ಇರುವುದಿಲ್ಲ.

ಹಾಗಾಗಿ ನಾನು ಕೇಳುವ ಎರಡು ಪ್ರಶ್ನೆ. ನಿಮ್ಮ ಸೈಕಲ್ಲಿಗೆ ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಶನ್ ಇದೆಯಾ? ಈ ಎತ್ತರದಲ್ಲಿ ಒಂದು ದಿನವಾದರೂ ಓಡಿಸಿದ್ದೀರಾ? ಒಂದಕ್ಕೆ ಇಲ್ಲ ಅಂದರೂ ಈ ಸಲ ಬೇಡ. ಬಾಡಿಗೆ ಸೈಕಲ್ ಆದರೆ ಅಂಗಡಿಯಲ್ಲೇ ಬ್ರೇಕ್ ಪ್ಯಾಡ್ ಬಿಚ್ಚಿಸಿ ನೋಡಿ. ನನಗೆ ಒಮ್ಮೆ ಸಿಕ್ಕಿದ ಸೈಕಲ್ಲಿನ ಹಿಂದಿನ ಪ್ಯಾಡ್ ಪೂರ್ತಿ ಸವೆದಿತ್ತು. ಕೊಡುವಾಗ ಅಂಗಡಿಯವರು ಯಾರೂ ನೋಡಿರಲಿಲ್ಲ. ಅರ್ಧ ಇಳಿಯುವಷ್ಟರಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕಿರುಚು ಶುರುವಾಗಿ, ಉಳಿದ ದಾರಿಯೆಲ್ಲ ನಡೆದೇ ಬಂದೆ.

ಕೊರಲ್‌ಗೆ ಬರೋಣ. ಮೈಯರ್ಸ್ ಊರಿನ ಪಕ್ಕ, ಟೋಡ್ಸ್ ಮುಗಿಯುವ ಕಾಡಿನಲ್ಲೇ ಇದೂ ಇದೆ. ಹೆಸರು ಅಷ್ಟು ದೂರ ಹೋಗಿಲ್ಲ. ಹೊರಗಿನಿಂದ ಬರುವವರು ಇದನ್ನು ಬಿಟ್ಟು ಹೋಗುತ್ತಾರೆ, ನನಗೆ ಅದೇ ಬೇಜಾರು. ಏರು ಫೌಂಟನ್ ಪ್ಲೇಸ್ ಅನ್ನುವ ಡಾಂಬರು ರಸ್ತೆಯಲ್ಲಿ. ಕಲ್ಲಿಲ್ಲ, ಮರಳಿಲ್ಲ, ಉಸಿರಿಗೆ ತಕ್ಕ ಹಾಗೆ ಗೇರ್ ಹಾಕಿಕೊಂಡು ಹೋಗಬಹುದು. ಟ್ರೇಲ್ ಚಿಕ್ಕದು. ಮೇಲೆ ಒಂದಿಷ್ಟು ಕಲ್ಲು, ಕೆಳಗೆ ಒರಗು ತಿರುವು ಮತ್ತು ಜಿಗಿಯಲು ಕಟ್ಟಿದ ಮಣ್ಣಿನ ದಿಬ್ಬಗಳು. ದಿಬ್ಬದ ಮೇಲ್ಭಾಗ ಚಪ್ಪಟೆ. ಜಿಗಿಯಲು ಬಾರದವರು ಅದರ ಮೇಲೆ ಉರುಳಿಸಿಕೊಂಡು ಹೋದರೂ ಏನೂ ಆಗುವುದಿಲ್ಲ. ಟಾಹೋ ಏರಿಯಾ ಮೌಂಟನ್ ಬೈಕಿಂಗ್ ಅಸೋಸಿಯೇಷನ್ ಅಂತ ಸ್ಥಳೀಯ ಸವಾರರ ಸಂಘ ಇದೆ. ಅದರ ಸ್ವಯಂಸೇವಕರು ಗುದ್ದಲಿ ಹಿಡಿದು ಈ ಕಾಡಿನ ಟ್ರೇಲುಗಳ ಕೆಲಸ ಮಾಡುತ್ತಾರೆ. ಆ ಕೈಕೆಲಸ ಪ್ರತಿ ತಿರುವಿನಲ್ಲೂ ಗೊತ್ತಾಗುತ್ತದೆ.

ಕೊರಲ್‌ನ ದೊಡ್ಡ ಗುಣ ಅಂದರೆ ಮತ್ತೆ ಹತ್ತಿ ಮತ್ತೆ ಇಳಿಯಬಹುದು. ಮೊದಲ ಸಲ ತಪ್ಪಿದ ತಿರುವು ಎರಡನೇ ಸಲ ಕೈಗೆ ಸಿಗುತ್ತದೆ, ಮೂರನೇ ಸಲ ಅಲ್ಲಿ ಬ್ರೇಕೇ ಬೇಡ ಅನ್ನಿಸುತ್ತದೆ. ಫ್ಲೂಮ್‌ನಲ್ಲಿ ಕಣ್ಣು ತುಂಬುತ್ತದೆ, ಆದರೆ ಓಡಿಸುವುದು ಕಲಿಯುವುದಿಲ್ಲ. ಟೋಡ್ಸ್‌ನಲ್ಲಿ ಕಲಿಯುವ ಮೊದಲೇ ಪರೀಕ್ಷೆ. ಕೊರಲ್‌ನಲ್ಲಿ ಸಂಜೆ ಹೊತ್ತಿಗೆ ನೀವು ಬೆಳಗಿಗಿಂತ ಒಳ್ಳೆಯ ಸವಾರ ಆಗಿರುತ್ತೀರಿ. ಕೆರೆ ಮಾತ್ರ ಕಾಣುವುದಿಲ್ಲ, ಅದೊಂದೇ ಕೊರತೆ.

ಊರೊಳಗೇ ಉಳಿದು ಕಾರು ತೆಗೆಯಲು ಇಷ್ಟವಿಲ್ಲ ಅನ್ನುವವರಿಗೆ ವ್ಯಾನ್ ಸಿಕಲ್ ಪಾರ್ಕ್ ಇದೆ. ಎರಡು ರಾಜ್ಯಗಳ ಗಡಿಯ ಮೇಲೇ ಇರುವ ಈ ಪಾರ್ಕಿನಿಂದ ರಿಮ್ ಟ್ರೇಲ್‌ಗೆ ದಾರಿ ಇದೆ, ಕೆರೆಯೂ ಚೆನ್ನಾಗಿ ಕಾಣುತ್ತದೆ. ಆದರೆ ಏರು ಕಡಿದು, ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಪಶ್ಚಿಮದ ಡೆಸೊಲೇಷನ್ ವೈಲ್ಡರ್ನೆಸ್ ಕಡೆ ಸೈಕಲ್ ತೆಗೆದುಕೊಂಡು ಹೋಗಲೇಬೇಡಿ. 1964ರ ಕಾನೂನಿನ ಪ್ರಕಾರ ಅಂಥ ಸಂರಕ್ಷಿತ ಕಾಡುಗಳಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಫ್ಲೂಮ್ ಆದಮೇಲೆ ಉತ್ತರಕ್ಕೆ ಟಾಹೋ ಮೆಡೋಸ್ ಕಡೆ ಹೋಗುವ ಆಸೆ ಇದ್ದರೆ ಕ್ಯಾಲೆಂಡರ್ ನೋಡಿ. ಆ ಭಾಗದ ರಿಮ್ ಟ್ರೇಲ್‌ನಲ್ಲಿ ಸೈಕಲ್ಲಿಗೆ ಬಿಡುವುದು ಸಮಸಂಖ್ಯೆಯ ತಾರೀಖಿನಂದು ಮಾತ್ರ.

ಯಾವಾಗ ಹೋಗಬೇಕು ಅಂದರೆ, ಹಿಮ ಜಾಸ್ತಿ ಬಿದ್ದ ವರ್ಷ ಟೋಡ್ಸ್‌ನ ಮೇಲ್ಭಾಗ ಜುಲೈವರೆಗೂ ತೆರೆಯುವುದಿಲ್ಲ. ಆಗಸ್ಟ್‌ನಲ್ಲಿ ಧೂಳು, ಮುಂದಿನವರ ಚಕ್ರವೇ ಕಾಣುವುದಿಲ್ಲ. ಕಾಡ್ಗಿಚ್ಚಿನ ಹೊಗೆಯೂ ಆಗಲೇ. 2021ರ ಆಗಸ್ಟ್‌ನಲ್ಲಿ ಕಾಲ್ಡರ್ ಬೆಂಕಿ ಬೆಟ್ಟ ದಾಟಿ ಮೈಯರ್ಸ್ ಪಕ್ಕದವರೆಗೂ ಬಂದಾಗ ಸೌತ್ ಲೇಕ್ ಟಾಹೋ ಊರನ್ನೇ ಖಾಲಿ ಮಾಡಿಸಿದ್ದರು. ನನ್ನ ಆಯ್ಕೆ ಸೆಪ್ಟೆಂಬರ್ ಕೊನೆ, ಅದರಲ್ಲೂ ಒಂದು ಮಳೆ ಬಿದ್ದ ಮಾರನೇ ದಿನ. ಮರಳು ಗಟ್ಟಿಯಾಗಿ ಚಕ್ರ ಕಚ್ಚಿಕೊಂಡು ಹೋಗುತ್ತದೆ, ನಾರ್ತ್ ಕ್ಯಾನ್ಯನ್‌ನ ಆಸ್ಪೆನ್ ಎಲೆಗಳೂ ಹಳದಿಗೆ ತಿರುಗಿರುತ್ತವೆ. ಬೆಳಿಗ್ಗೆ ಚಳಿ ಇರುತ್ತದೆ, ಕೈಗವಸು ಇಟ್ಟುಕೊಳ್ಳಿ. ಒಬ್ಬೊಬ್ಬರಿಗೆ ಮೂರು ಲೀಟರ್ ಕುಡಿಯುವ ನೀರು ಬೇಕು. ಚಕ್ಕುಲಿ, ಕೋಡುಬಳೆ ಏನೇ ತಂದಿದ್ದರೂ ಕಾರಿನಲ್ಲಿ ಬಿಟ್ಟು ಟ್ರೇಲ್ ಹತ್ತಬೇಡಿ. ಇಲ್ಲಿನ ಕರಡಿಗಳು ವಾಸನೆ ಹಿಡಿದು ಕಾರಿನ ಬಾಗಿಲನ್ನೇ ಕಿತ್ತು ಹಾಕುತ್ತವೆ. ಪಾರ್ಕಿಂಗ್‌ನಲ್ಲಿ ಕರಡಿ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆ ಇದ್ದರೆ ಅದರಲ್ಲಿಡಿ.